ಕಿಟಕಿ ಸಿಗದವರಿಗೂ ಒಂದು ಆಟ ಬೇಕು



ಹೋದ ಸಂಚಿಕೆಯಲ್ಲಿ ‘ಕಾರಿನ ಪ್ರಯಾಣದಲ್ಲಿ ಬೇಸರ ಕಳೆಯುವ ಆಟಗಳು’ ಎಂಬ ಬರಹ ಬಂದಿತ್ತು. ಆರನೇ ತರಗತಿಯವರು ಒಂದು ಪುಸ್ತಕ ನೋಡಿ ಬರೆದಿದ್ದರು. ಅಕ್ಷರ ದುಂಡಗೆ ಇದ್ದವು. ಕಾರಿನ ಚಿತ್ರವೂ ಛಲೋ ಬಂದಿತ್ತು. ಅದರಲ್ಲಿ 5 ಆಟ ಇದ್ದವು. ಕೆಂಪು ಕಾರು ಎಣಿಸುವುದು, ಎದುರಿನ ಗಾಡಿಯ ನಂಬರು ಕೂಡಿಸುವುದು, ರಸ್ತೆ ಬದಿಯ ದನ ಎಣಿಸುವುದು, ಬೋರ್ಡುಗಳ ಮೇಲೆ ಅಕ್ಷರ ಹುಡುಕುವುದು, ಹೊರಗೆ ಕಂಡ ವಸ್ತುವಿನ ಮೊದಲಕ್ಷರ ಹೇಳಿ ಅದು ಯಾವುದೆಂದು ಕೇಳುವುದು. ನಾನು ಎರಡು ಸಲ ಓದಿದೆ. ಆಮೇಲೆ ನನಗೆ ಒಂದು ಸಂಶಯ ಬಂತು. ಈ ಐದೂ ಆಟಕ್ಕೆ ಕಿಟಕಿ ಬೇಕು. ಕಿಟಕಿ ಸಿಗದವರು ಏನು ಮಾಡಬೇಕು?

ಪುಸ್ತಕದವರ ಕಾರಿನಲ್ಲಿ 4 ಕಿಟಕಿ, ಒಳಗೆ ತಂದೆ, ತಾಯಿ, ಇಬ್ಬರು ಮಕ್ಕಳು. ಒಬ್ಬೊಬ್ಬರಿಗೆ ಒಂದೊಂದು. ಲೆಕ್ಕ ಸರಿಯಾಯಿತು. ಬೇವೂರಿನ ಲೆಕ್ಕ ಬೇರೆ ಐತಿ. ನಾವು ಯಲಬುರ್ಗಾಕ್ಕೆ, ಕುಷ್ಟಗಿಗೆ, ಕೊಪ್ಪಳಕ್ಕೆ ಹೋಗುವುದು ಬಸ್ಸಿನಲ್ಲಿ, ಇಲ್ಲಾ ಟಂಟಂನಲ್ಲಿ. ಜಾತ್ರೆಗೆ, ಮದುವೆಗೆ ಹೋಗುವುದು ಬಾಡಿಗೆ ಕ್ರೂಸರ್‌ನಲ್ಲಿ, ಟೆಂಪೋದಲ್ಲಿ. ಟ್ರ್ಯಾಕ್ಟರಿನ ಟ್ರಾಲಿಯಲ್ಲಿ ಕೂತರೆ ಕಿಟಕಿಯ ಜಗಳವೇ ಇಲ್ಲ, ಸುತ್ತಲೂ ಬಯಲು. (ಟ್ರಾಲಿಯಲ್ಲಿ ಮಂದಿ ತುಂಬಿಕೊಂಡು ಹೋಗುವುದು ಕಾನೂನಿಗೆ ವಿರುದ್ಧ, ಜೀವಕ್ಕೂ ಅಪಾಯ. ಅದನ್ನು ಇನ್ನೊಂದು ಸಂಚಿಕೆಗೆ ಬರೆಯುತ್ತೇನೆ.)

ಹುಣ್ಣಿಮೆಗೆ ಹುಲಿಗೆಮ್ಮನ ದರ್ಶನಕ್ಕೆ ಹುಲಿಗಿಗೆ ಹೋದಾಗ ನಾನು ಒಳಗೆ ಕೂತು ಎಣಿಸಿದೆ. ಡ್ರೈವರ್ ಸೇರಿ 19 ಮಂದಿ. ಅದರಲ್ಲಿ ಮಕ್ಕಳು 8. ಕಿಟಕಿ ಸಿಕ್ಕ ಮಕ್ಕಳು 2. ಉಳಿದ 6 ಮಕ್ಕಳಲ್ಲಿ ಮೂವರು ತೊಡೆಯ ಮೇಲೆ, ಇಬ್ಬರು ದೊಡ್ಡವರ ಕಾಲ ಸಂದಿಯಲ್ಲಿ, ಒಬ್ಬಳು ಎಡಿಯ ಬುಟ್ಟಿ ಅಪ್ಪಿಕೊಂಡು ನಡುವೆ. ಅಂದರೆ ಪುಸ್ತಕದ ಐದು ಆಟ ನಮ್ಮಲ್ಲಿ 8ಕ್ಕೆ 2 ಮಂದಿ ಆಡಬಹುದು. ಉಳಿದವರು ಎದುರಿನವರ ಮೊಳಕಾಲು ನೋಡಬಹುದು.

ಕಿಟಕಿ ಯಾರಿಗೆ ಸಿಗತೈತಿ ಅನ್ನುವುದಕ್ಕೂ ಒಂದು ಪದ್ಧತಿ ಐತಿ. ಮೊದಲು ಎಲಿ ಅಡಿಕಿ ಹಾಕುವ ಹಿರಿಯರಿಗೆ, ಅವರು ಉಗುಳಬೇಕಲ್ಲ. ಆಮೇಲೆ ಓಡಿ ಬಂದು ಟವೆಲ್ಲು ಒಗೆದವರಿಗೆ. ಟವೆಲ್ಲು ಒಗೆಯುವವರು ಯಾವಾಗಲೂ ಹುಡುಗರೇ. ನಾವು ಹುಡುಗಿಯರು ತಮ್ಮನನ್ನೋ ತಂಗಿಯನ್ನೋ ಎತ್ತಿಕೊಂಡು, ನೀರಿನ ಕೊಡ ಹಿಡಿದು, ಕಡೆಗೆ ಹತ್ತುತ್ತೇವೆ. ಅಷ್ಟೊತ್ತಿಗೆ ನಡುವಿನ ಜಾಗ ಮಾತ್ರ ಉಳಿದಿರುತ್ತದೆ. ಹುಡುಗರು ಸಿಟ್ಟಾಗಬ್ಯಾಡ್ರಿ, ಮುಂದಿನ ಸಲ ಹತ್ತುವಾಗ ನೀವೇ ಎಣಿಸಿ ನೋಡ್ರಿ.

ನಡುವೆ ಕೂತವರಿಗೆ ದೊಡ್ಡವರು ಒಂದು ಉಪಾಯ ಕಂಡು ಹಿಡಿದಿದ್ದಾರೆ. ಮೊಬೈಲ್ ಕೊಡೂದು. “ಕೊಟ್ಟರ ಸುಮ್ಮ ಕುಂದರತಾವ” ಅನ್ನುತ್ತಾರೆ. ಅದು ಸುಳ್ಳಲ್ಲ. ಹತ್ತು ನಿಮಿಷ ಸುಮ್ಮನೆ ಕೂಡುತ್ತಾರೆ. ಹನ್ನೊಂದನೇ ನಿಮಿಷಕ್ಕೆ ನನ್ನ ತಂಗಿ ಮುಖ ಬೆಳ್ಳಗೆ ಮಾಡಿಕೊಂಡು “ಅಕ್ಕಾ, ಹೊಟ್ಟಿ ತೊಳಸಾಕತೈತಿ” ಅನ್ನುತ್ತಾಳೆ. ಆಮೇಲೆ ಚೀಲ ಹುಡುಕು, ನಿಂಬಿಕಾಯಿ ಹುಡುಕು, ಗಾಡಿ ನಿಲ್ಲಿಸು. ಎಲ್ಲರೂ ಆಕೆಗೇ ಬೈಯುತ್ತಾರೆ. “ಏನರ ತಿಂದಿರತಾಳ” ಅನ್ನುತ್ತಾರೆ. ತಿಂದದ್ದರಿಂದ ಅಲ್ಲ, ಇದು ಕಿವಿಯಿಂದ ಬರುವ ತೊಂದರೆ.

ನಮ್ಮ ಕಿವಿಯ ಒಳಗೆ ಬಳೆ ಮುರಿದಂತೆ ಬಾಗಿದ 3 ಸಣ್ಣ ನಳಿಕೆಗಳಿವೆ. ಅವುಗಳಲ್ಲಿ ನೀರಿನಂಥ ದ್ರವ ಇರುತ್ತದೆ. ತಲೆ ತಿರುಗಿದಾಗ ಆ ದ್ರವ ಅಲುಗಾಡಿ ‘ನಾವು ತಿರುಗಾಕತೀವಿ’ ಎಂದು ಮಿದುಳಿಗೆ ಸುದ್ದಿ ಮುಟ್ಟಿಸುತ್ತದೆ. ಗಾಡಿ ಮುಂದಕ್ಕೆ ಜಿಗಿದರೆ, ತಗ್ಗಿನಲ್ಲಿ ಇಳಿದರೆ ಅದನ್ನು ಹೇಳುವ ಭಾಗವೂ ಕಿವಿಯಲ್ಲೇ ಬೇರೆ ಐತಿ. ಆದರೆ ಕಣ್ಣು ಮೊಬೈಲಿನ ಮೇಲೆ ಇದ್ದರೆ ಅದು ‘ಎಲ್ಲಾ ನಿಂತೈತಿ’ ಎಂದು ಸುದ್ದಿ ಕೊಡುತ್ತದೆ. ಒಬ್ಬರು ಹೂಂ ಅಂತಾರ, ಒಬ್ಬರು ಊಹೂಂ ಅಂತಾರ. ಈ ಜಗಳದಲ್ಲಿ ಹೊಟ್ಟೆ ತೊಳಸುತ್ತದೆ. ಪುಸ್ತಕ ಓದಿದರೂ ಹೀಗೇ. ಎರಡು ವರ್ಷ ದಾಟಿದ ಮಕ್ಕಳಿಂದ ಹನ್ನೆರಡರ ತನಕದ ಮಕ್ಕಳಿಗೆ ಇದು ಹೆಚ್ಚು. ಡ್ರೈವರಿಗೆ ಆಗುವುದು ಕಡಿಮೆ, ಏಕೆಂದರೆ ಅವನು ದೂರ ನೋಡುತ್ತಿರುತ್ತಾನೆ, ಮುಂದಿನ ತಿರುವು ಅವನಿಗೆ ಮೊದಲೇ ಗೊತ್ತಿರುತ್ತದೆ. ದೂರ ನೋಡುವುದು ಒಳ್ಳೆಯದು. ದೂರ ಕಾಣದಿದ್ದರೆ ಕಣ್ಣು ಮುಚ್ಚಿ ಕೂಡುವುದೂ ಒಳ್ಳೆಯದು. ಕೆಳಗೆ ನೋಡುವುದು ಮಾತ್ರ ಕೆಟ್ಟದ್ದು.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ಗಾಡಿಯಲ್ಲಿ ಆಡುವ ಆಟವನ್ನು ಕಿಟಕಿಯಲ್ಲಿ ಕೂತವರನ್ನು ನೋಡಿ ಆರಿಸಬಾರದು, ನಡುವೆ ಕೂತವರನ್ನು ನೋಡಿ ಆರಿಸಬೇಕು. ಕಣ್ಣಿನ ಆಟಕ್ಕಿಂತ ಬಾಯಿಯ ಆಟ, ಕಿವಿಯ ಆಟ, ಕೈಯ ಆಟ ನಮ್ಮ ಗಾಡಿಗಳಿಗೆ ಹೊಂದುತ್ತವೆ. ಅಂಥವು ನಮ್ಮಲ್ಲಿ ಬೇಕಾದಷ್ಟು ಇವೆ. ಪುಸ್ತಕದವರಿಗೆ ಗೊತ್ತಿರಲಿಕ್ಕಿಲ್ಲ.

ಎಲ್ಲಕ್ಕಿಂತ ಮೊದಲನೆಯದು ಊರ ಹೆಸರಿನ ಸರಪಳಿ. ಒಬ್ಬರು ಒಂದು ಊರು ಹೇಳಬೇಕು. ಅದರ ಕಡೆಯ ಅಕ್ಷರದಿಂದ ಮುಂದಿನವರು ಇನ್ನೊಂದು ಊರು ಹೇಳಬೇಕು. ಹೇಳಿದ ಊರು ಮತ್ತೆ ಹೇಳುವಂತಿಲ್ಲ. ಸರಳ ಅನ್ನಿಸತೈತಿ. ಆದರೆ ನಮ್ಮ ಜಿಲ್ಲೆಯಲ್ಲಿ ಈ ಆಟ ಆಡಿದರೆ ಬಹಳ ಬಿಗಿ ಆಗುತ್ತದೆ. ಏಕೆಂದರೆ ನಮ್ಮ ಊರುಗಳಲ್ಲಿ ಬಹಳಷ್ಟು ‘ಊರು’ ಎಂದೇ ಮುಗಿಯುತ್ತವೆ. ಬೇವೂರು ಅಂದರೆ ರ ಬಂತು. ರಾಯಚೂರು ಅಂದರೆ ಮತ್ತೆ ರ. ರಾಣೆಬೆನ್ನೂರು, ಮತ್ತೆ ರ. ಮೂರು ಸುತ್ತಿಗೆ ರ ಖಾಲಿ. ಆಗ ಜಾಣರು ‘ರಾಮದುರ್ಗ’ ಎಂದು ದಾರಿ ತಿರುಗಿಸುತ್ತಾರೆ. ಗ ದಿಂದ ಗದಗ, ಮತ್ತೆ ಗ, ಗಂಗಾವತಿ, ತ ದಿಂದ ತಾವರಗೇರಾ. ಎಲ್ಲಿಗೆ ಬಂದೆವು? ಮತ್ತೆ ರ ಕ್ಕೆ.

ಇನ್ನು ಕೆಲವರು ಮೋಸಗಾರರು ‘ರೋಣ’ ಎನ್ನುತ್ತಾರೆ. ಣ ದಿಂದ ಶುರುವಾಗುವ ಊರು ಎಲ್ಲಿಂದ ತರುವುದು? ಅವರದು ಅಲ್ಲಿಗೇ ಗೆಲುವು. ಳ ಕಾಟವೂ ಅಷ್ಟೇ. ಕೊಪ್ಪಳ, ಮುಧೋಳ, ಬಂಡಿಹಾಳ, ತೊಂಡಿಹಾಳ, ಗುನ್ನಾಳ, ಎಲ್ಲಾ ಳ ದಲ್ಲೇ ಮುಗಿಯುತ್ತವೆ. ಅದಕ್ಕೆ ನಾವು ಒಂದು ಕಾಯಿದೆ ಮಾಡಿದ್ದೇವೆ. ಳ ಬಂದರೆ ಲ ದಿಂದ, ಣ ಬಂದರೆ ನ ದಿಂದ ಹೇಳಬಹುದು. ಕೊಪ್ಪಳ, ಲಕ್ಕುಂಡಿ, ಡ ದಿಂದ ಡಂಬಳ, ಮತ್ತೆ ಲ ದಿಂದ ಲಿಂಗನಬಂಡಿ, ಮತ್ತೆ ಡ! ಈ ಎರಡನೇ ಡ ಕ್ಕೆ ಇನ್ನೂ ಯಾರೂ ಊರು ಹೇಳಿಲ್ಲ. ಗೊತ್ತಿದ್ದವರು ಹೇಳಿರಿ.

ಈ ಆಟದಲ್ಲಿ ನಮ್ಮ ಮನೆಯಲ್ಲಿ ಗೆಲ್ಲುವುದು ಅಜ್ಜಿ. ಅಜ್ಜಿಗೆ ನಕಾಶೆ ಓದಲು ಬರುವುದಿಲ್ಲ. ಆದರೆ ಯಾವ ಊರಿಗೆ ಯಾರ ಮಗಳನ್ನು ಕೊಟ್ಟಿದ್ದಾರೆ, ಯಾವ ಊರಿಂದ ಯಾರು ಸೊಸೆ ತಂದಿದ್ದಾರೆ ಎಂಬುದೆಲ್ಲಾ ಗೊತ್ತು. ನಾನು ಭೂಗೋಳದ ಪುಸ್ತಕದಿಂದ ಹೇಳುವ ಊರೆಲ್ಲಾ ತಾಲೂಕು, ಜಿಲ್ಲೆ. ಅಜ್ಜಿ ಹೇಳುವುದು ಬಳೂಟಗಿ, ಕರಮುಡಿ, ವಜ್ರಬಂಡಿ, ಹಿರೇಮ್ಯಾಗೇರಿ. ನಾನು ಹತ್ತರಲ್ಲಿ ನಿಂತರೆ ಅಜ್ಜಿ ಐವತ್ತರ ತನಕ ಹೋಗುತ್ತಾಳೆ, ಪ್ರತಿ ಊರಿಗೂ ಒಂದೊಂದು ಸಂಬಂಧದ ಕಥೆ ಬೇರೆ. ಮೊಬೈಲ್ ಕೊಟ್ಟು ಕೂಡಿಸಿದ್ದರೆ ಅಜ್ಜಿ ಆ ದಾರಿ ಪೂರ್ತಿ ಬಾಯಿ ಮುಚ್ಚಿಕೊಂಡು ಕೂತಿರುತ್ತಿದ್ದಳು. ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಒಗಟು ಎಲ್ಲರಿಗೂ ಗೊತ್ತು, ಹೆಚ್ಚು ಬರೆಯುವುದಿಲ್ಲ. ಹಳೆಯ ಒಗಟಿನ ಉತ್ತರ ಎಲ್ಲರಿಗೂ ಬಾಯಿಪಾಠ ಆಗಿರುವುದರಿಂದ ದಾರಿಯಲ್ಲೇ ಹೊಸದು ಕಟ್ಟಬೇಕು. ನಾನು ಕಟ್ಟಿದ್ದು: ‘ಕಾಲಿಲ್ಲ, ದಾರಿಗುಂಟ ನಿಂತೈತಿ. ಬಾಯಿಲ್ಲ, ಊರು ಎಷ್ಟು ದೂರ ಅಂತ ಹೇಳತೈತಿ. ತಲಿಗೆ ಹಳದಿ ರುಮಾಲು ಸುತ್ತೈತಿ.’ ಉತ್ತರ ಕಿಲೋಮೀಟರ್ ಕಲ್ಲು. ರುಮಾಲು ಹಳದಿ ಇದ್ದರೆ ಅದು ರಾಷ್ಟ್ರೀಯ ಹೆದ್ದಾರಿ, ಕೊಪ್ಪಳದ ಮೇಲೆ ಹೋಗುವ 67, ಕುಷ್ಟಗಿಯ ಮೇಲೆ ಹೋಗುವ 50 ಇದ್ದಂತೆ. ಹಸಿರು ಇದ್ದರೆ ರಾಜ್ಯ ಹೆದ್ದಾರಿ. ಕಿತ್ತಳೆ ಬಣ್ಣ ಇದ್ದರೆ ಹಳ್ಳಿಯ ರಸ್ತೆ. ಇದು ಬಹಳ ಮಂದಿಗೆ ಗೊತ್ತಿಲ್ಲ.

ಕಣ್ಣು ಮುಚ್ಚಿ ಊರು ಹೇಳುವುದು ಇನ್ನೊಂದು ಆಟ. ದಿನಾ ಹೋಗುವ ದಾರಿಯಾದರೆ ಮಜಾ ಬರುತ್ತದೆ. ಎಷ್ಟು ಹಂಪು ದಾಟಿತು, ಎಡಕ್ಕೆ ತಿರುಗಿತೋ ಬಲಕ್ಕೋ, ಸೇತುವೆಯ ಮೇಲೆ ಸಪ್ಪಳ ಬದಲಾಯಿತೋ ಇಲ್ಲವೋ, ಇದನ್ನೆಲ್ಲಾ ಕೇಳಿ ‘ಈಗ ಇಂಥಲ್ಲಿ ಇದ್ದೀವಿ’ ಎನ್ನಬೇಕು. ಮಿರ್ಚಿ ಕರಿಯುವ ವಾಸನೆ ಬಂದರೆ ಬಸ್ ಸ್ಟ್ಯಾಂಡ್ ಬಂತು ಎಂದು ಮೂರನೇ ತರಗತಿಯವರೂ ಹೇಳುತ್ತಾರೆ, ಅದಕ್ಕೆ ಅಂಕ ಇಲ್ಲ. ಕೊಪ್ಪಳ ದಾಟಿ ಗಿಣಿಗೇರಾ ಹತ್ತಿರ ಬಂದಾಗ ಕಬ್ಬಿಣದ ಫ್ಯಾಕ್ಟರಿಗಳ ವಾಸನೆಯ ಮೇಲೆ ಗುರುತು ಹಿಡಿಯಬಹುದು. ಈ ಆಟದಲ್ಲಿ ಕಿಟಕಿಯವನಿಗೂ ನಡುವಿನವಳಿಗೂ ಭೇದ ಇಲ್ಲ. ಕಿಟಕಿಯವನು ಕಳ್ಳಗಣ್ಣು ಬಿಡದಂತೆ ಮಾತ್ರ ನೋಡಿಕೊಳ್ಳಬೇಕು.

ಈಗ ಹುಡುಗರು ಕೇಳಬಹುದು, “ಹಂಗಾದ್ರ ಕಿಟಕ್ಯಾಗ ಕುಂತವ್ರು ಹೊರಗ ನೋಡಬಾರದೇನು?” ನೋಡಬೇಕು. ಆದರೆ ಪುಕ್ಕಟೆ ನೋಡಬಾರದು. ಹಿಂದೆ ಇಂಗ್ಲೆಂಡಿನಲ್ಲಿ 1696 ರಿಂದ 1851 ರ ತನಕ ಮನೆಯ ಕಿಟಕಿಗಳನ್ನು ಎಣಿಸಿ ತೆರಿಗೆ ಹಾಕುತ್ತಿದ್ದರಂತೆ. ತೆರಿಗೆ ತಪ್ಪಿಸಲು ಎಷ್ಟೋ ಮಂದಿ ಕಿಟಕಿಗೆ ಇಟ್ಟಿಗೆ ಕಟ್ಟಿ ಮುಚ್ಚಿದರಂತೆ. ನಮ್ಮ ಗಾಡಿಯಲ್ಲೂ ಒಂದು ಕಿಟಕಿ ತೆರಿಗೆ ಇರಬೇಕು ಅಂತ ನಾನು ಹೇಳುತ್ತೇನೆ. ರೊಕ್ಕ ಬೇಡ. ಕಿಟಕಿಯಲ್ಲಿ ಕೂತವನು ತಾನು ಕಂಡದ್ದನ್ನು ಬಾಯಿ ಬಿಟ್ಟು ಹೇಳಬೇಕು. ಅವನು ಕಣ್ಣು, ನಾವು ಲೆಕ್ಕ.

ಅದಕ್ಕೆ ಗಾಡಿಯ ನಂಬರಿನ ಆಟ ಬಹಳ ಛಲೋ. ಕಿಟಕಿಯವನು ನಂಬರು ಕೂಗಬೇಕು, ನಡುವಿನವರು ಊರು ಹೇಳಬೇಕು. ಕೆಎ 37 ನಮ್ಮ ಕೊಪ್ಪಳ. 36 ರಾಯಚೂರು, 1997 ರ ತನಕ ನಾವೂ ಅದೇ ಜಿಲ್ಲೆಯಲ್ಲಿದ್ದೆವು. 35 ಹೊಸಪೇಟೆ, 34 ಬಳ್ಳಾರಿ, 29 ಬಾಗಲಕೋಟೆ, 28 ವಿಜಯಪುರ, 26 ಗದಗ, 25 ಧಾರವಾಡ. ನಂಬರಿನ ನಡುವೆ ಎಫ್ ಇದ್ದರೆ ಸರಕಾರಿ ಬಸ್ಸು. ಆ ಬಸ್ಸಿನ ಮೇಲೆ ‘ಕಲ್ಯಾಣ ಕರ್ನಾಟಕ’ ಎಂದಿದ್ದರೆ ನಮ್ಮ ಕಡೆಯದು, 2021 ಕ್ಕಿಂತ ಮೊದಲು ಅದಕ್ಕೆ ‘ಈಶಾನ್ಯ’ ಎನ್ನುತ್ತಿದ್ದರು. ‘ವಾಯವ್ಯ’ ಎಂದಿದ್ದರೆ ಗದಗ, ಹುಬ್ಬಳ್ಳಿ, ಬಾಗಲಕೋಟೆ ಕಡೆಯದು. ಹಳದಿ ಬೋರ್ಡು ಬಾಡಿಗೆ ಗಾಡಿ, ಬಿಳಿ ಸ್ವಂತದ್ದು, ಹಸಿರು ಕರೆಂಟಿನದು. ತೆಲಂಗಾಣದ ಗಾಡಿ ಬಂದರೆ ಜಗಳ ಆಗುತ್ತದೆ. ಹಳೆಯ ಗಾಡಿಗೆ ಟಿಎಸ್ ಇರುತ್ತದೆ, 2024 ರ ಮಾರ್ಚ್ ನಂತರದ ಹೊಸ ಗಾಡಿಗೆ ಟಿಜಿ. ಎರಡೂ ಸರಿ, ಜಗಳ ಮಾಡಬ್ಯಾಡ್ರಿ.

ನಾವು ಇದಕ್ಕೆ ಒಂದು ಕಾಯಿದೆ ಸೇರಿಸಿದ್ದೇವೆ. ಕೆಎ 19 ಬಂದರೆ ಯಾರ ಮನೆಯವರು ಮಂಗಳೂರಿಗೆ ದುಡಿಯಲು ಹೋಗಿದ್ದಾರೋ ಅವರಿಗೆ ಎರಡು ಅಂಕ. ಕೆಎ 20 ಬಂದರೆ ಉಡುಪಿಗೆ ಹೋದವರ ಮಕ್ಕಳಿಗೆ. ನಮ್ಮ ಕಡೆ ಅಂಥ ಗಾಡಿ ಬರುವುದು ಅಪರೂಪ. ಬಂದರೆ ಹುಡುಗರು ಎದ್ದು ನಿಲ್ಲುತ್ತಾರೆ.

ಇಂಗ್ಲೆಂಡಿನ ಮಕ್ಕಳು ಒಂದು ಕಾಲಿನ ಆಟ ಆಡುತ್ತಾರಂತೆ. ದಾರಿಯಲ್ಲಿ ಬರುವ ಹೆಂಡದಂಗಡಿಗಳ ಹೆಸರಿನಲ್ಲಿ ಎಷ್ಟು ಕಾಲು ಇವೆಯೋ ಅಷ್ಟು ರನ್. ಕುದುರೆ ಇದ್ದರೆ 4, ರಾಜ ಇದ್ದರೆ 2, ಕಾಲೇ ಇಲ್ಲದ ಹೆಸರು ಬಂದರೆ ಔಟ್. ನಮಗೆ ಹೆಂಡದಂಗಡಿ ಬೇಡ, ಖಾನಾವಳಿ, ಕಿರಾಣಿ ಅಂಗಡಿ, ಗ್ಯಾರೇಜು ಸಾಕು. ಬಸವೇಶ್ವರ ಖಾನಾವಳಿಗೆ 2 ರನ್. ನಂದಿ ಅಂದರೆ 4. ಗಣೇಶ ಅಂದರೆ ಎಷ್ಟು? ಬರೀ ಗಣೇಶನಿಗೆ 2, ಇಲಿಯನ್ನು ಕೂಡಿಸಿದರೆ 6. ಇದೊಂದು ಪ್ರಶ್ನೆಯ ಮೇಲೆ ಇಡೀ ಕ್ರೂಸರ್ ಎರಡು ಪಕ್ಷ ಆಗಿ ಅರ್ಧ ದಾರಿ ಕಳೆಯಿತು. ಶಿವಲಿಂಗೇಶ್ವರ ಬಂದರೆ ಇನ್ನೂ ತೊಂದರೆ, ಲಿಂಗಕ್ಕೆ ಕಾಲಿಲ್ಲ, ಈಶ್ವರನಿಗೆ ಐತಿ. ಒಬ್ಬ ಹಿರಿಯರು “ದೇವರ ಕಾಲು ಎಣಿಸಬ್ಯಾಡ್ರಿ, ಬೀಳ್ರಿ” ಅಂದರು. ಈ ಆಟಕ್ಕೂ ಕಿಟಕಿಯವನು ಬೋರ್ಡು ಓದಿ ಹೇಳಿದರೆ ಸಾಕು, ವಾದ ಮಾಡುವುದು ನಡುವಿನವರ ಕೆಲಸ.

ಒಂದು ಮಾತು ಗಟ್ಟಿಯಾಗಿ ಬರೆಯಬೇಕು. ಯಾವ ಆಟಕ್ಕೂ ಡ್ರೈವರನ್ನು ಸೇರಿಸಿಕೊಳ್ಳಬಾರದು. “ಅಣ್ಣಾ, ನೀ ಹೇಳು, ಯಾರ್ದು ಸರಿ” ಎಂದು ಅವನ ಹೆಗಲು ಮುಟ್ಟುವುದು, ಅವನು ತಿರುಗಿ ನೋಡುವುದು, ಇದು ಬೇಡ. ಕೈ, ತಲೆ ಹೊರಗೆ ಹಾಕುವ ಆಟ ಬೇಡ. ಟಾಪಿನ ಮೇಲೆ ಕೂತು ಆಡುವ ಆಟವಂತೂ ಬೇಡವೇ ಬೇಡ. ಇನ್ನು ಡೆಕ್ಕಿನ ಮಾತು. ಕೆಲವು ಗಾಡಿಗಳಲ್ಲಿ ಹಾಡು ಎಷ್ಟು ಜೋರು ಹಾಕಿರುತ್ತಾರೆಂದರೆ ಪಕ್ಕದವಳು ಹೇಳಿದ ಊರೂ ಕೇಳಿಸುವುದಿಲ್ಲ. ಅದರಲ್ಲಿ ಬಾಯಿಯ ಆಟ ನಡೆಯುವುದಿಲ್ಲ. ಹಿರಿಯರಿಂದ ಹೇಳಿಸಿ ಸ್ವಲ್ಪ ಸಣ್ಣದು ಮಾಡಿಸಬೇಕು. ನಾವು ಹೇಳಿದರೆ ಕೇಳುವುದಿಲ್ಲ.

ಇಷ್ಟೆಲ್ಲಾ ಹಗಲಿನ ಮಾತಾಯಿತು. ರಾತ್ರಿಯ ಪ್ರಯಾಣದ ಬಗ್ಗೆ ಆ ಪುಸ್ತಕದಲ್ಲಿ ಏನೂ ಇರಲಿಲ್ಲ. ನಮ್ಮ ಶಾಲೆಯಲ್ಲಿ ಅದರ ಬಗ್ಗೆ ಗೊತ್ತಿಲ್ಲದವರು ಕಡಿಮೆ.

ನಮ್ಮ ಯಲಬುರ್ಗಾ, ಕುಷ್ಟಗಿ ಕಡೆಯ ಮಂದಿ ಮಂಗಳೂರು, ಉಡುಪಿ, ಗೋವಾ, ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಮಳೆ ಕೈಕೊಟ್ಟರೆ ಹೆಚ್ಚು ಹೋಗುತ್ತಾರೆ. 2023 ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223 ಬರಗಾಲದ ತಾಲೂಕು ಎಂದು ಸರಕಾರವೇ ಹೇಳಿತ್ತು. ಗುಳೆ ಹೋಗುವ ಗಾಡಿ, ಬಸ್ಸು ಹೊರಡುವುದು ಹೆಚ್ಚಾಗಿ ಸಂಜೆ. ಮನೆಯಲ್ಲಿ ನೋಡಿಕೊಳ್ಳುವವರು ಇಲ್ಲದಿದ್ದರೆ ಮಕ್ಕಳನ್ನೂ ಕರಕೊಂಡು ಹೋಗುತ್ತಾರೆ. ಹುಬ್ಬಳ್ಳಿ ದಾಟುವಷ್ಟರಲ್ಲಿ ಪೂರಾ ಕತ್ತಲೆ. ಯಲ್ಲಾಪುರ ಆದ ಮೇಲೆ ಅರಬೈಲ್ ಘಟ್ಟ ಬರುತ್ತದೆ. ಬಯಲುಸೀಮೆಯಲ್ಲಿ ಹುಟ್ಟಿದವರು ಅಂಥ ತಿರುವು ಕಂಡಿರುವುದಿಲ್ಲ. ಅಲ್ಲಿ ದೊಡ್ಡವರೇ ವಾಂತಿ ಮಾಡಿಕೊಳ್ಳುತ್ತಾರೆ. ಕಿಟಕಿ ಸಿಕ್ಕರೂ ಹೊರಗೆ ಏನು ಕಾಣತೈತಿ? ಕೆಂಪು ಕಾರೂ ಇಲ್ಲ, ದನವೂ ಇಲ್ಲ. ಮೊಬೈಲ್ ಕೊಡುವ ಹಾಗೂ ಇಲ್ಲ, ಅದರ ಚಾರ್ಜು ಬೆಳಿಗ್ಗೆ ಇಳಿದ ಮೇಲೆ ಮೇಸ್ತ್ರಿಗೆ ಫೋನ್ ಮಾಡಲು ಬೇಕು.

ಗುಳೆ ಹೋಗಿ ಬಂದ ನನ್ನ ಗೆಳತಿ ಒಬ್ಬಳು ಆ ರಾತ್ರಿಯ ಆಟ ನನಗೆ ಕಲಿಸಿದಳು. ಒಂದು ಸರಿ-ಬೆಸ. ಹುಣಸಿಬೀಜ ಮುಷ್ಟಿಯಲ್ಲಿ ಹಿಡಿದು ಎಷ್ಟಿವೆ, ಜೋಡಿಯೋ ಒಂಟಿಯೋ ಎಂದು ಕೇಳುವುದು. ಕೈ ಬಿಡಿಸಿ ಮುಟ್ಟಿ ಎಣಿಸಿದರಾಯಿತು, ಬೆಳಕು ಬೇಡ. (ತೀರ ಸಣ್ಣ ಮಕ್ಕಳಿದ್ದರೆ ಬೀಜ ಕೊಡಬ್ಯಾಡ್ರಿ, ಬಾಯಾಗ ಹಾಕ್ಕೋತಾವ.) ಇನ್ನೊಂದು ಬೆನ್ನ ಮೇಲಿನ ಅಕ್ಷರ. ಮುಂದೆ ಕೂತ ಮಗುವಿನ ಬೆನ್ನ ಮೇಲೆ ಬೆರಳಿನಿಂದ ಒಂದು ಅಕ್ಷರ ಬರೆಯಬೇಕು, ಆ ಮಗು ಹೇಳಬೇಕು. ಮೊದಲು ಗ, ರ, ದ. ಆಮೇಲೆ ಕಠಿಣವಾದವು. ಪ, ಫ, ಷ ಬೆನ್ನಿಗೆ ಒಂದೇ ತರಹ ಅನ್ನಿಸುತ್ತವೆ, ಒಳಗಿನ ಗೆರೆಯನ್ನು ಗಟ್ಟಿಯಾಗಿ ಎಳೆಯಬೇಕು. ವ ಮತ್ತು ಮ ಕೂಡ ಹಾಗೆ. ಒಂದಕ್ಷರ ಬಂದ ಮೇಲೆ ಎರಡಕ್ಷರದ ಮಾತು, ಆಮೇಲೆ ಹೆಸರು. ಸದ್ದು ಮಾಡಬೇಕಾಗಿಲ್ಲ, ಮಲಗಿದವರಿಗೆ ತ್ರಾಸಿಲ್ಲ, ಕಣ್ಣು ಮುಚ್ಚಿಕೊಂಡೇ ಆಡಬಹುದು, ಹೊಟ್ಟೆ ತೊಳಸುವುದಿಲ್ಲ.

ಅವಳ ತಮ್ಮ ಆಗ ಒಂದನೇ ತರಗತಿ. ಅರ್ಧ ವರ್ಷಕ್ಕೇ ಶಾಲೆ ಬಿಟ್ಟು ಹೊರಟಿದ್ದ. ಅವನಿಗೆ ‘ಮಂಗಳೂರಿಗೆ ಹೋಗೂದು’ ಎಂದು ಹೇಳಿದ್ದರಂತೆ. ಕುಕನೂರು ಕಡೆಯೂ ಒಂದು ಮಂಗಳೂರು ಐತಿ, ಎಲ್ಲರಿಗೂ ಗೊತ್ತು. ಅವನು ಅದೇ ಎಂದು ತಿಳಿದಿದ್ದ. ಕತ್ತಲಾದರೂ ಬಸ್ಸು ನಿಲ್ಲದಿದ್ದಾಗ “ಇನ್ನ ಎಷ್ಟ ದೂರ, ವಾಪಸ್ ಯಾವಾಗ ಬರೂದು” ಎಂದು ಕೇಳಲು ಶುರು ಮಾಡಿದನಂತೆ. ಅವರವ್ವ ಉತ್ತರ ಕೊಡಲಿಲ್ಲ. ಅವಳು ಅವನನ್ನು ಮುಂದೆ ಕೂಡ್ರಿಸಿಕೊಂಡು ಬೆನ್ನ ಮೇಲೆ ಬರೆಯಲು ಹತ್ತಿದಳು. ಘಟ್ಟ ಇಳಿಯುವ ತನಕ ಬರೆದಳಂತೆ. ಅವರು ತಿರುಗಿ ಬಂದದ್ದು ಎಂಟು ತಿಂಗಳಿಗೆ. ಅಲ್ಲಿ ಕನ್ನಡ ಶಾಲೆಗೆ ಕೆಲವು ದಿನ ಹೋಗಿದ್ದ, ಕೆಲವು ದಿನ ಇಲ್ಲ. ಆದರೆ ಕಾಗುಣಿತ ಮರೆತಿರಲಿಲ್ಲ. ಈಗಲೂ ಅವನು ಮರೆತ ಅಕ್ಷರ ಜ್ಞಾಪಿಸಿಕೊಳ್ಳಬೇಕಾದರೆ ಬೆನ್ನು ಸ್ವಲ್ಪ ಅಲುಗಾಡಿಸುತ್ತಾನೆ. ಗುರುಗಳು ಇದನ್ನು ಗಮನಿಸಿರಬಹುದು, ಅವನು ಹಿಂದಿನ ಬೆಂಚಿನಲ್ಲಿ ಕೂಡುತ್ತಾನೆ.

ಈ ವರ್ಷವೂ ದೀಪಾವಳಿ ಮುಗಿದ ಮೇಲೆ ನಮ್ಮ ಶಾಲೆಯಿಂದ ಕೆಲವರು ಹೋಗಬಹುದು. ಹೋಗಬೇಡಿ ಎಂದು ಹೇಳಲು ನಾನು ಯಾರು? ಮಕ್ಕಳನ್ನು ಊರಲ್ಲೇ ಬಿಟ್ಟು ಹೋಗಲು ಹಾಸ್ಟೆಲ್ ಬೇಕು, ಇಲ್ಲಾ ಅಜ್ಜಿ ಬೇಕು. ಅದು ದೊಡ್ಡವರು ಮಾಡಬೇಕಾದ ಮಾತು, ಮಾಡಲಿ. ನಾನು ಕೇಳುವುದು ಸಣ್ಣದು. ಹೋಗುವವರು ಹೊರಡುವ ಮೊದಲು ಹತ್ತು ಹುಣಸಿಬೀಜ ಜೇಬಿನಲ್ಲಿ ಇಟ್ಟುಕೊಳ್ಳಿರಿ. ಸಂಗಡ ಸಣ್ಣವರಿದ್ದರೆ ಬೆನ್ನ ಮೇಲೆ ಬರೆಯಿರಿ. ಅಲ್ಲಿಂದ ಬಂದವರು, ಅಲ್ಲಿಯ ಮಕ್ಕಳು ಬಸ್ಸಿನಲ್ಲಿ ಏನು ಆಡುತ್ತಾರೆ ಎಂದು ನಮಗೆ ಹೇಳಿರಿ. ಅವರ ಊರುಗಳ ಹೆಸರು ಕಲಿತುಕೊಂಡು ಬಂದರೆ ಸರಪಳಿ ಆಟದಲ್ಲಿ ನಿಮ್ಮನ್ನು ನನ್ನ ಅಜ್ಜಿಯೂ ಸೋಲಿಸಲಾರಳು.

ಆರನೇ ತರಗತಿಯವರು ಬೇಜಾರು ಮಾಡಿಕೊಳ್ಳಬಾರದು. ನಿಮ್ಮ ಬರಹ ಬಂದದ್ದರಿಂದಲೇ ನಾನು ಇದನ್ನು ಬರೆದೆ. ನಿಮ್ಮ ಚಿತ್ರದ ಕಾರಿನಲ್ಲಿ ಹಿಂದಿನ ಸೀಟು ಇನ್ನೂ ಖಾಲಿ ಐತಿ, ಅಲ್ಲಿ ನಾಲ್ಕು ಮಂದಿ ಹಿಡಿಸಬಹುದಾಗಿತ್ತು.

ಕಡೆಗೆ ನನ್ನದೊಂದು ಹೊಸ ಒಗಟು. ‘ಮುಂದ ಕುಂತವನ ಕೈಯಾಗ ಕರೀ ರೊಟ್ಟಿ. ಹಗಲೂ ರಾತ್ರಿ ತಿರುವತಾನ, ಒಂದ ತುತ್ತೂ ತಿಂದಿಲ್ಲ.’ ಕೆಳಗೆ ಒಂದು ಖಾಲಿ ಹಾಳಿ ಅಂಟಿಸಿದ್ದೇನೆ. ಉತ್ತರವನ್ನು ಅದರಲ್ಲಿ ಬರೆಯಿರಿ. ಡ ದಿಂದ ಶುರುವಾಗುವ ಊರು ಗೊತ್ತಿದ್ದರೆ ಅದನ್ನೂ, ನಡುವೆ ಕೂತು ಆಡುವ ನಿಮ್ಮ ಮನೆಯ ಆಟವನ್ನೂ ಬರೆಯಿರಿ. ಪೆನ್ನು ದಾರಕ್ಕೆ ಕಟ್ಟಿದ್ದೇನೆ, ಕಿತ್ತುಕೊಂಡು ಹೋಗಬ್ಯಾಡ್ರಿ. ಹಾಳಿ ಸಾಲದಿದ್ದರೆ ಹೇಳಿರಿ, ಇನ್ನೊಂದು ತರುತ್ತೇನೆ.

— ಏಳನೇ ತರಗತಿಯ ವಿದ್ಯಾರ್ಥಿನಿ, ಬೇವೂರು